ಸೆಗಾ

ಸೆಗಾ ಕಾರ್ಪೊರೇಷನ್ ಜಪಾನಿನ ಒಂದು ವಿಡಿಯೊ ಗೇಮ್ ಸಂಸ್ಥೆ. ಇದರ ಕೇಂದ್ರ ಕಚೇರಿಯು ಟೋಕಿಯೊ ನಗರದ ಶಿನಾಗಾವಾ ಪ್ರದೇಶದಲ್ಲಿದೆ. ಆರ್ಕೇಡ್ ಯಂತ್ರಗಳು, ಮನೆಯ ದೂರದರ್ಶನಕ್ಕೆ ಜೋಡಿಸಿ ಆಡುವ ಕನ್ಸೋಲ್‌ಗಳು ಮತ್ತು ವಿಡಿಯೊ ಆಟಗಳ ತಯಾರಿಕೆಯಿಂದ ಇದು ಜಗತ್ತಿನಾದ್ಯಂತ ಹೆಸರು ಪಡೆಯಿತು. 1983ರಿಂದ 2001ರವರೆಗೆ ಸೆಗಾ ತನ್ನದೇ ಕನ್ಸೋಲ್‌ಗಳನ್ನು ತಯಾರಿಸಿ ನಿಂಟೆಂಡೊ ಹಾಗೂ ಸೋನಿ ಸಂಸ್ಥೆಗಳೊಡನೆ ನೇರ ಸ್ಪರ್ಧೆಯಲ್ಲಿತ್ತು. ಸತತ ನಷ್ಟದ ಕಾರಣ 2001ರಲ್ಲಿ ಕನ್ಸೋಲ್ ತಯಾರಿಕೆಯನ್ನು ಕೈಬಿಟ್ಟ ಸಂಸ್ಥೆಯು, ಅಂದಿನಿಂದ ಇತರ ಸಂಸ್ಥೆಗಳ ಯಂತ್ರಗಳಿಗೆ ಆಟಗಳನ್ನು ರಚಿಸುತ್ತಿದೆ. ಸೋನಿಕ್ ದ ಹೆಡ್ಜ್‌ಹಾಗ್ ಎಂಬ ನೀಲಿ ಬಣ್ಣದ ಪಾತ್ರವು ಸೆಗಾದ ಲಾಂಛನ ಪಾತ್ರವಾಗಿದೆ. 2004ರಿಂದ ಸೆಗಾ, ಸೆಗಾ ಸ್ಯಾಮಿ ಹೋಲ್ಡಿಂಗ್ಸ್ ಸಮೂಹದ ಭಾಗವಾಗಿದೆ.

ಹೆಸರು ಮತ್ತು ಸ್ಥಾಪನೆ

ಜಪಾನೀ ಸಂಸ್ಥೆಯೆಂದು ಪ್ರಸಿದ್ಧವಾದ ಸೆಗಾದ ಮೂಲ ಅಮೆರಿಕದಲ್ಲಿದೆ. 1940ರಲ್ಲಿ ಹವಾಯಿ ದ್ವೀಪಗಳ ಹೊನೊಲುಲು ನಗರದಲ್ಲಿ ಸ್ಟ್ಯಾಂಡರ್ಡ್ ಗೇಮ್ಸ್ ಎಂಬ ಸಂಸ್ಥೆ ಆರಂಭವಾಯಿತು. ಸೇನಾ ನೆಲೆಗಳಲ್ಲಿದ್ದ ಸೈನಿಕರ ಮನರಂಜನೆಗಾಗಿ ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಒದಗಿಸುವುದು ಅದರ ವ್ಯವಹಾರವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಅದರ ಸ್ಥಾಪಕರು ಸರ್ವಿಸ್ ಗೇಮ್ಸ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. ಈ ಎರಡು ಇಂಗ್ಲಿಷ್ ಪದಗಳ ಮೊದಲ ಎರಡೆರಡು ಅಕ್ಷರಗಳನ್ನು ಕೂಡಿಸಿದಾಗ ‘ಸೆಗಾ’ ಎಂಬ ಹೆಸರು ದೊರೆಯುತ್ತದೆ.

1950ರ ದಶಕದ ಆರಂಭದಲ್ಲಿ ಅಮೆರಿಕ ಸರ್ಕಾರವು ತನ್ನ ಆಡಳಿತ ಪ್ರದೇಶಗಳಲ್ಲಿ ಜೂಜಿನ ಯಂತ್ರಗಳನ್ನು ನಿಷೇಧಿಸಿತು. ಇದರಿಂದ ಸಂಸ್ಥೆಯು ತನ್ನ ವ್ಯವಹಾರವನ್ನು ಜಪಾನಿಗೆ ವಿಸ್ತರಿಸಿತು. ಅಲ್ಲಿನ ಅಮೆರಿಕನ್ ಸೇನಾ ನೆಲೆಗಳು ಅದಕ್ಕೆ ಹೊಸ ಗ್ರಾಹಕರಾದವು. 1960ರಲ್ಲಿ ನಿಹೊನ್ ಗೊರಾಕು ಬುಸ್ಸಾನ್ ಎಂಬ ಹೆಸರಿನಲ್ಲಿ ಜಪಾನೀ ಸಂಸ್ಥೆ ಸ್ಥಾಪನೆಯಾಯಿತು. ಇದೇ ಅವಧಿಯಲ್ಲಿ ಡೇವಿಡ್ ರೋಸನ್ ಎಂಬ ಅಮೆರಿಕನ್ ಉದ್ಯಮಿ ಟೋಕಿಯೊದಲ್ಲಿ ಸ್ವಯಂಚಾಲಿತ ಭಾವಚಿತ್ರ ಯಂತ್ರಗಳು ಹಾಗೂ ಆಟದ ಯಂತ್ರಗಳ ವ್ಯಾಪಾರ ನಡೆಸುತ್ತಿದ್ದರು. 1965ರಲ್ಲಿ ಈ ಎರಡೂ ಸಂಸ್ಥೆಗಳು ಒಂದಾಗಿ ಸೆಗಾ ಎಂಟರ್‌ಪ್ರೈಸಸ್ ರೂಪುಗೊಂಡಿತು ಮತ್ತು ರೋಸನ್ ಅದರ ಮುಖ್ಯಸ್ಥರಾದರು.

1966ರಲ್ಲಿ ಸೆಗಾ ಬಿಡುಗಡೆ ಮಾಡಿದ ‘ಪೆರಿಸ್ಕೋಪ್’ ಒಂದು ವಿದ್ಯುತ್-ಯಾಂತ್ರಿಕ ಆಟ. ಆಟಗಾರನು ಜಲಾಂತರ್ಗಾಮಿ ನೌಕೆಯ ದರ್ಶಕದ ಮೂಲಕ ನೋಡುತ್ತ ಹಡಗುಗಳಿಗೆ ಗುರಿಯಿಡುತ್ತಿದ್ದನು. ಅಮೆರಿಕದಲ್ಲಿ ಒಂದು ಸಲದ ಆಟಕ್ಕೆ 25 ಸೆಂಟ್ ದರವಿದ್ದರೂ ಇದು ಜನಪ್ರಿಯವಾಯಿತು. 1969ರಲ್ಲಿ ಅಮೆರಿಕದ ಗಲ್ಫ್ ಅಂಡ್ ವೆಸ್ಟರ್ನ್ ಸಂಸ್ಥೆಯು ಸೆಗಾವನ್ನು ಕೊಂಡುಕೊಂಡಿತು. 1983ರ ಸುಮಾರಿಗೆ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದಾಗ ಗಲ್ಫ್ ಅಂಡ್ ವೆಸ್ಟರ್ನ್ ಈ ಕ್ಷೇತ್ರದಿಂದ ಹೊರಬರಲು ನಿರ್ಧರಿಸಿತು. 1984ರಲ್ಲಿ ರೋಸನ್ ಮತ್ತು ಹಯಾವೊ ನಕಯಾಮಾ ಅವರು ಜಪಾನಿನ ಸಿಎಸ್‌ಕೆ ಸಂಸ್ಥೆಯ ನೆರವಿನಿಂದ ಸೆಗಾದ ಜಪಾನ್ ವಿಭಾಗವನ್ನು ಖರೀದಿಸಿದರು. ನಕಯಾಮಾ ಅಧ್ಯಕ್ಷರಾದರು. ಸಿಎಸ್‌ಕೆಯ ಸ್ಥಾಪಕ ಇಸಾವೊ ಒಕಾವಾ ಆಡಳಿತ ಮಂಡಳಿಯ ಮುಖ್ಯಸ್ಥರಾದರು.

ಆರ್ಕೇಡ್ ಆಟಗಳು

ಕನ್ಸೋಲ್‌ಗಳಲ್ಲಿ ಏಳುಬೀಳುಗಳನ್ನು ಕಂಡ ಅವಧಿಯಲ್ಲಿಯೂ ಸೆಗಾ ಆರ್ಕೇಡ್ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿತ್ತು. ಆಟದ ವಿನ್ಯಾಸಕಾರ ಯು ಸುಜುಕಿ ಅವರ ನೇತೃತ್ವದಲ್ಲಿ ‘ಹ್ಯಾಂಗ್-ಆನ್’ (1985), ‘ಸ್ಪೇಸ್ ಹ್ಯಾರಿಯರ್’ (1985), ‘ಔಟ್ ರನ್’ (1986) ಮತ್ತು ‘ಆಫ್ಟರ್ ಬರ್ನರ್’ (1987) ಆಟಗಳು ಸಿದ್ಧವಾದವು. ಇವುಗಳಲ್ಲಿ ಯಂತ್ರದ ರಚನೆಯೇ ಆಟದ ಭಾಗವಾಗಿತ್ತು. ‘ಹ್ಯಾಂಗ್-ಆನ್’ನಲ್ಲಿ ಆಟಗಾರನು ಮೋಟಾರ್ ಸೈಕಲ್ ಆಕೃತಿಯ ಮೇಲೆ ಕುಳಿತು ದೇಹವನ್ನು ಅತ್ತಿತ್ತ ವಾಲಿಸಿ ವಾಹನವನ್ನು ತಿರುಗಿಸಬೇಕಿತ್ತು.

1990ರ ದಶಕದಲ್ಲಿ ಸೆಗಾ ಮೂರು ಆಯಾಮದ ಚಿತ್ರಣದತ್ತ ಹೊರಳಿತು. ಬಹುಭುಜಾಕೃತಿಗಳನ್ನು ಜೋಡಿಸಿ ದೃಶ್ಯಗಳನ್ನು ರೂಪಿಸುವ ಈ ವಿಧಾನವನ್ನು ‘ವರ್ಚುವಾ ರೇಸಿಂಗ್’ (1992) ಮತ್ತು ‘ವರ್ಚುವಾ ಫೈಟರ್’ (1993) ಆಟಗಳು ಜನಪ್ರಿಯಗೊಳಿಸಿದವು. ‘ವರ್ಚುವಾ ಫೈಟರ್’ ಮೂರು ಆಯಾಮದ ಹೊಡೆದಾಟದ ಆಟಗಳ ಪ್ರಕಾರಕ್ಕೆ ಬುನಾದಿ ಹಾಕಿತು.

ಆರಂಭಿಕ ಕನ್ಸೋಲ್‌ಗಳು

ಸೆಗಾದ ಮೊದಲ ಮನೆಬಳಕೆಯ ಕನ್ಸೋಲ್ ಎಸ್‌ಜಿ-1000. ಇದು 1983ರ ಜುಲೈ 15ರಂದು ಜಪಾನಿನಲ್ಲಿ 15,000 ಯೆನ್ ಬೆಲೆಗೆ ಬಿಡುಗಡೆಯಾಯಿತು. ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಸಹ ಅದೇ ದಿನ ಮಾರುಕಟ್ಟೆಗೆ ಬಂದಿತು. ಎಸ್‌ಜಿ-1000 ಸೆಗಾ ನಿರೀಕ್ಷಿಸಿದುದಕ್ಕಿಂತ ಹೆಚ್ಚು ಮಾರಾಟವಾದರೂ ಫ್ಯಾಮಿಕಾಮ್‌ನ ಜನಪ್ರಿಯತೆಯ ಮುಂದೆ ಅದು ನಿಲ್ಲಲಿಲ್ಲ.

1985ರಲ್ಲಿ ಜಪಾನಿನಲ್ಲಿ ಮಾರ್ಕ್ 3 ಎಂಬ ಹೆಸರಿನಲ್ಲಿ ಬಂದ ಸುಧಾರಿತ ಯಂತ್ರವನ್ನು 1986ರಲ್ಲಿ ಅಮೆರಿಕದಲ್ಲಿ ಮಾಸ್ಟರ್ ಸಿಸ್ಟಮ್ ಎಂದು ಮಾರಲಾಯಿತು. ಚಿತ್ರಣದ ಗುಣಮಟ್ಟದಲ್ಲಿ ಇದು ಪ್ರತಿಸ್ಪರ್ಧಿಗಿಂತ ಮೇಲಾಗಿತ್ತು. ಆದರೆ ಆಟಗಳನ್ನು ರಚಿಸುವ ಇತರ ಸಂಸ್ಥೆಗಳು ನಿಂಟೆಂಡೊದೊಡನೆ ಕಟ್ಟುನಿಟ್ಟಾದ ಒಪ್ಪಂದಗಳಿಗೆ ಒಳಪಟ್ಟಿದ್ದವು. ಹೀಗಾಗಿ ಮಾಸ್ಟರ್ ಸಿಸ್ಟಮ್‌ಗೆ ಸಾಕಷ್ಟು ಆಟಗಳು ದೊರೆಯಲಿಲ್ಲ. ಜಪಾನ್ ಮತ್ತು ಅಮೆರಿಕದಲ್ಲಿ ಹಿಂದೆ ಬಿದ್ದ ಈ ಕನ್ಸೋಲ್ ಯುರೋಪ್ ಮತ್ತು ಬ್ರೆಜಿಲ್ ದೇಶಗಳಲ್ಲಿ ಯಶಸ್ಸು ಕಂಡಿತು. ಬ್ರೆಜಿಲ್‌ನಲ್ಲಿ ಟೆಕ್‌ಟಾಯ್ ಸಂಸ್ಥೆಯು ಇದನ್ನು ಹಲವು ದಶಕಗಳ ಕಾಲ ತಯಾರಿಸಿ ಮಾರಿತು.

ಮೆಗಾ ಡ್ರೈವ್ ಮತ್ತು ಸೋನಿಕ್

1988ರ ಅಕ್ಟೋಬರ್ 29ರಂದು ಜಪಾನಿನಲ್ಲಿ ಬಿಡುಗಡೆಯಾದ ಮೆಗಾ ಡ್ರೈವ್ ಸೆಗಾದ ಅತ್ಯಂತ ಯಶಸ್ವಿ ಕನ್ಸೋಲ್. ಇದು 16-ಬಿಟ್ ಯಂತ್ರವಾಗಿದ್ದು, ಮೋಟೊರೋಲಾ 68000 ಪ್ರೊಸೆಸರನ್ನು ಮುಖ್ಯವಾಗಿ ಬಳಸುತ್ತಿತ್ತು. ಧ್ವನಿಯ ನಿರ್ವಹಣೆಗೆ ಜೈಲಾಗ್ ಜಡ್80 ಎಂಬ ಇನ್ನೊಂದು ಪ್ರೊಸೆಸರ್ ಇತ್ತು. ಅಂದಿನ 8-ಬಿಟ್ ಯಂತ್ರಗಳಿಗಿಂತ ಹೆಚ್ಚಿನ ದತ್ತಾಂಶವನ್ನು ಒಮ್ಮೆಗೆ ಸಂಸ್ಕರಿಸಬಲ್ಲದಾಗಿದ್ದ ಕಾರಣ ದೊಡ್ಡ ಪಾತ್ರಗಳು, ಹೆಚ್ಚು ಬಣ್ಣಗಳು ಮತ್ತು ವೇಗದ ಚಲನೆ ಸಾಧ್ಯವಾದವು. ಅಮೆರಿಕದಲ್ಲಿ ಇದು 1989ರಲ್ಲಿ ಜೆನೆಸಿಸ್ ಎಂಬ ಹೆಸರಿನಲ್ಲಿ ಬಂದಿತು.

1990ರಲ್ಲಿ ಟಾಮ್ ಕಾಲಿನ್ಸ್ಕಿ ಸೆಗಾದ ಅಮೆರಿಕ ಶಾಖೆಯ ಮುಖ್ಯಸ್ಥರಾದರು. ಅವರು ಮೊದಲು ಮ್ಯಾಟೆಲ್ ಎಂಬ ಆಟಿಕೆ ಸಂಸ್ಥೆಯಲ್ಲಿದ್ದವರು. ಕನ್ಸೋಲಿನ ಬೆಲೆಯನ್ನು ಇಳಿಸುವುದು, ಅಮೆರಿಕದ ಅಭಿರುಚಿಗೆ ಹೊಂದುವ ಆಟಗಳನ್ನು ಅಲ್ಲಿಯೇ ರಚಿಸುವುದು, ಪ್ರತಿಸ್ಪರ್ಧಿಯನ್ನು ನೇರವಾಗಿ ಕೆಣಕುವ ಜಾಹೀರಾತುಗಳನ್ನು ನೀಡುವುದು ಮತ್ತು ಕನ್ಸೋಲಿನೊಡನೆ ಅತ್ಯುತ್ತಮ ಆಟವನ್ನೇ ಉಚಿತವಾಗಿ ಕೊಡುವುದು ಅವರ ಯೋಜನೆಯ ನಾಲ್ಕು ಅಂಶಗಳಾಗಿದ್ದವು. ಜಪಾನಿನ ಆಡಳಿತ ಮಂಡಳಿಯು ಇದನ್ನು ಮೆಚ್ಚದಿದ್ದರೂ ಅಧ್ಯಕ್ಷ ನಕಯಾಮಾ ಅನುಮತಿ ನೀಡಿದರು.

ಹಾಗೆ ಉಚಿತವಾಗಿ ನೀಡಲಾದ ಆಟವೇ 1991ರ ಜೂನ್ 23ರಂದು ಬಿಡುಗಡೆಯಾದ ‘ಸೋನಿಕ್ ದ ಹೆಡ್ಜ್‌ಹಾಗ್’. ನಿಂಟೆಂಡೊದ ಮಾರಿಯೊ ಪಾತ್ರಕ್ಕೆ ಸಮನಾದ ಪಾತ್ರವೊಂದು ಬೇಕೆಂಬ ಉದ್ದೇಶದಿಂದ ಇದನ್ನು ರೂಪಿಸಲಾಯಿತು. ಯೂಜಿ ನಾಕಾ ಕ್ರಮವಿಧಿಯನ್ನು ಬರೆದರು, ನಾವೊತೊ ಒಷಿಮಾ ಪಾತ್ರವನ್ನು ಚಿತ್ರಿಸಿದರು ಮತ್ತು ಹಿರೊಕಾಜು ಯಾಸುಹಾರಾ ಆಟದ ಹಂತಗಳನ್ನು ವಿನ್ಯಾಸಗೊಳಿಸಿದರು. ಹೆಡ್ಜ್‌ಹಾಗ್ ಎಂಬುದು ಮೈಮೇಲೆ ಮುಳ್ಳುಗಳಿರುವ ಒಂದು ಸಣ್ಣ ಪ್ರಾಣಿ. ಅಪಾಯ ಎದುರಾದಾಗ ಅದು ಚೆಂಡಿನಂತೆ ಸುರುಳಿಯಾಗುತ್ತದೆ. ಇದೇ ಗುಣವನ್ನು ಆಟದಲ್ಲಿ ದಾಳಿಯ ತಂತ್ರವನ್ನಾಗಿ ಬಳಸಲಾಗಿದೆ. ಈ ಆಟದ ವೇಗವು ಮೆಗಾ ಡ್ರೈವ್‌ನ ಸಾಮರ್ಥ್ಯವನ್ನು ಎತ್ತಿ ತೋರಿಸಿತು. ಅಮೆರಿಕದ 16-ಬಿಟ್ ಮಾರುಕಟ್ಟೆಯಲ್ಲಿ ಸೆಗಾ ಕೆಲಕಾಲ ನಿಂಟೆಂಡೊವನ್ನು ಹಿಂದಿಕ್ಕಿತು. ಜಗತ್ತಿನಾದ್ಯಂತ ಸುಮಾರು 3 ಕೋಟಿ ಮೆಗಾ ಡ್ರೈವ್ ಯಂತ್ರಗಳು ಮಾರಾಟವಾದವು.

ಇದೇ ಅವಧಿಯಲ್ಲಿ, 1990ರಲ್ಲಿ, ಸೆಗಾ ಗೇಮ್ ಗಿಯರ್ ಎಂಬ ಕೈಯಲ್ಲಿ ಹಿಡಿದು ಆಡುವ ಸಾಧನವನ್ನು ತಂದಿತು. ನಿಂಟೆಂಡೊದ ಗೇಮ್ ಬಾಯ್‌ಗೆ ಬಣ್ಣದ ಪರದೆ ಇರಲಿಲ್ಲ. ಗೇಮ್ ಗಿಯರ್‌ಗೆ ಬೆಳಕುಳ್ಳ ಬಣ್ಣದ ಪರದೆ ಇತ್ತು. ಆದರೆ ಆರು ಬ್ಯಾಟರಿಗಳನ್ನು ಹಾಕಿದರೂ ಅದು ಕೆಲವೇ ಗಂಟೆ ನಡೆಯುತ್ತಿತ್ತು. ಇದು ಅದರ ಮುಖ್ಯ ದೌರ್ಬಲ್ಯವಾಗಿತ್ತು.

ಕಾನೂನು ಮತ್ತು ವಿವಾದಗಳು

ಅಕೋಲೇಡ್ ಪ್ರಕರಣ: ಕನ್ಸೋಲ್ ತಯಾರಕರು ತಮ್ಮ ಯಂತ್ರಕ್ಕೆ ಆಟ ರಚಿಸುವ ಇತರ ಸಂಸ್ಥೆಗಳಿಂದ ಪರವಾನಗಿ ಶುಲ್ಕವನ್ನು ಪಡೆಯುತ್ತಾರೆ. ಅಮೆರಿಕದ ಅಕೋಲೇಡ್ ಸಂಸ್ಥೆಯು ಪರವಾನಗಿ ಪಡೆಯದೆ, ಸೆಗಾದ ಆಟಗಳ ಕ್ರಮವಿಧಿಯನ್ನು ಬಿಡಿಸಿ ಅಧ್ಯಯನ ಮಾಡಿ, ಜೆನೆಸಿಸ್‌ನಲ್ಲಿ ನಡೆಯುವ ಆಟಗಳನ್ನು ರಚಿಸಿತು. ಸೆಗಾ ನ್ಯಾಯಾಲಯದ ಮೊರೆ ಹೋಯಿತು. ಕೆಳ ನ್ಯಾಯಾಲಯವು ಸೆಗಾದ ಪರವಾಗಿ ಆದೇಶ ನೀಡಿದರೂ, 1992ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಯಂತ್ರದೊಡನೆ ಹೊಂದಾಣಿಕೆಗೆ ಬೇಕಾದ ಮಾಹಿತಿಯನ್ನು ಪಡೆಯಲು ಬೇರೆ ಮಾರ್ಗವಿಲ್ಲದಿದ್ದಾಗ ಕ್ರಮವಿಧಿಯನ್ನು ಬಿಡಿಸಿ ನೋಡುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ, ಅದು ನ್ಯಾಯಯುತ ಬಳಕೆ ಎಂದು ತೀರ್ಪು ನೀಡಿತು. ಗಣಕಯಂತ್ರ ಕಾನೂನಿನ ಅಧ್ಯಯನದಲ್ಲಿ ಈ ತೀರ್ಪು ಇಂದಿಗೂ ಮುಖ್ಯವಾಗಿದೆ. ಮರುವರ್ಷ ಎರಡೂ ಸಂಸ್ಥೆಗಳು ರಾಜಿ ಮಾಡಿಕೊಂಡವು.

ಹಿಂಸೆಯ ಕುರಿತ ಚರ್ಚೆ: 1993ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಹೊಡೆದಾಟದ ಆಟವು ಮನೆಯ ಕನ್ಸೋಲ್‌ಗಳಿಗೆ ಬಂದಿತು. ನಿಂಟೆಂಡೊ ತನ್ನ ಆವೃತ್ತಿಯಲ್ಲಿ ರಕ್ತದ ದೃಶ್ಯಗಳನ್ನು ತೆಗೆಸಿತು. ಸೆಗಾ ಆವೃತ್ತಿಯಲ್ಲಿ ಗುಂಡಿಗಳನ್ನು ನಿರ್ದಿಷ್ಟ ಕ್ರಮದಲ್ಲಿ ಒತ್ತಿದರೆ ಅವು ಕಾಣಿಸಿಕೊಳ್ಳುತ್ತಿದ್ದವು. ಈ ಆಟ ಹಾಗೂ ಸೆಗಾ ಸಿಡಿಯ ‘ನೈಟ್ ಟ್ರ್ಯಾಪ್’ ಆಟದ ಕುರಿತು ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಸೆಗಾ ಆ ಹೊತ್ತಿಗೆ ತನ್ನ ಆಟಗಳಿಗೆ ವಯೋಮಾನದ ಗುರುತುಗಳನ್ನು ನೀಡಲಾರಂಭಿಸಿತ್ತು. ವಿಚಾರಣೆಯ ಫಲವಾಗಿ ಇಡೀ ಉದ್ಯಮಕ್ಕೆ ಅನ್ವಯಿಸುವ ಇಎಸ್‌ಆರ್‌ಬಿ ಎಂಬ ಶ್ರೇಯಾಂಕ ಮಂಡಳಿಯು 1994ರಲ್ಲಿ ಸ್ಥಾಪನೆಯಾಯಿತು.

ಸ್ಯಾಟರ್ನ್ ಮತ್ತು ಹಿನ್ನಡೆ

ಮೆಗಾ ಡ್ರೈವ್‌ನ ಆಯುಷ್ಯವನ್ನು ಹೆಚ್ಚಿಸಲು ಸೆಗಾ ಎರಡು ಜೋಡಣೆಗಳನ್ನು ತಂದಿತು. ಮೊದಲನೆಯದು 1991ರ ಮೆಗಾ-ಸಿಡಿ, ಎರಡನೆಯದು 1994ರ 32ಎಕ್ಸ್. 32ಎಕ್ಸ್ ಅಮೆರಿಕದ ಅಂಗಡಿಗಳಿಗೆ ಬಂದದ್ದು 1994ರ ನವೆಂಬರ್ 21ರಂದು. ಮರುದಿನವೇ ಜಪಾನಿನಲ್ಲಿ ಸೆಗಾದ ಹೊಸ 32-ಬಿಟ್ ಕನ್ಸೋಲ್ ಸ್ಯಾಟರ್ನ್ ಬಿಡುಗಡೆಯಾಯಿತು. ಹೊಸ ಕನ್ಸೋಲ್ ಬರುತ್ತಿರುವಾಗ ಹಳೆಯದಕ್ಕೆ ದುಬಾರಿ ಜೋಡಣೆಯನ್ನು ಕೊಳ್ಳಲು ಗ್ರಾಹಕರು ಹಿಂಜರಿದರು. ಕೊಂಡವರಿಗೆ ಬೆರಳೆಣಿಕೆಯ ಆಟಗಳಷ್ಟೇ ದೊರೆತವು. ಜಪಾನ್ ಮತ್ತು ಅಮೆರಿಕ ಕಚೇರಿಗಳ ನಡುವಿನ ಹೊಂದಾಣಿಕೆಯ ಕೊರತೆಯು ಈ ಗೊಂದಲಕ್ಕೆ ಒಂದು ಕಾರಣವಾಗಿತ್ತು.

ಜಪಾನಿನಲ್ಲಿ ‘ವರ್ಚುವಾ ಫೈಟರ್’ ಆಟದ ಬಲದಿಂದ ಸ್ಯಾಟರ್ನ್ ಉತ್ತಮ ಆರಂಭ ಕಂಡಿತು. ಅಮೆರಿಕದಲ್ಲಿ 1995ರ ಸೆಪ್ಟೆಂಬರ್ 2 ಬಿಡುಗಡೆಯ ದಿನವೆಂದು ಘೋಷಣೆಯಾಗಿತ್ತು. ಆದರೆ ಸೋನಿಯ ಪ್ಲೇಸ್ಟೇಷನ್‌ಗಿಂತ ಮುಂಚಿತವಾಗಿ ಮಾರುಕಟ್ಟೆಗೆ ಬರಬೇಕೆಂಬ ಒತ್ತಡದಿಂದ, ಮೇ 11ರಂದು ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸ್ಯಾಟರ್ನ್ ಅಂದಿನಿಂದಲೇ ಆಯ್ದ ಅಂಗಡಿಗಳಲ್ಲಿ 399 ಡಾಲರ್‌ಗೆ ಲಭ್ಯವೆಂದು ಸೆಗಾ ಪ್ರಕಟಿಸಿತು. ಅದೇ ದಿನ ಸೋನಿಯ ಪ್ರತಿನಿಧಿಯು ವೇದಿಕೆಗೆ ಬಂದು ಪ್ಲೇಸ್ಟೇಷನ್‌ನ ಬೆಲೆ 299 ಡಾಲರ್ ಎಂದಷ್ಟೇ ಹೇಳಿ ಇಳಿದರು.

ಈ ಅನಿರೀಕ್ಷಿತ ಬಿಡುಗಡೆಯು ಸೆಗಾಕ್ಕೇ ಹಾನಿ ಮಾಡಿತು. ಕನ್ಸೋಲ್ ದೊರೆಯದ ಅಂಗಡಿಗಳು ಅಸಮಾಧಾನಗೊಂಡವು. ಕೆಬಿ ಟಾಯ್ಸ್ ಎಂಬ ಮಾರಾಟ ಸಂಸ್ಥೆಯು ಸ್ಯಾಟರ್ನ್ ಅನ್ನು ಮಾರುವುದಿಲ್ಲವೆಂದು ನಿರ್ಧರಿಸಿತು. ಸೆಪ್ಟೆಂಬರ್‌ಗೆ ಸಿದ್ಧತೆ ನಡೆಸುತ್ತಿದ್ದ ಇತರ ಸಂಸ್ಥೆಗಳ ಆಟಗಳು ತಿಂಗಳುಗಟ್ಟಲೆ ಬರಲಿಲ್ಲ. ತಾಂತ್ರಿಕವಾಗಿಯೂ ಸ್ಯಾಟರ್ನ್ ಕ್ಲಿಷ್ಟವಾಗಿತ್ತು. ಅದರ ಎರಡು ಹಿಟಾಚಿ ಎಸ್‌ಎಚ್-2 ಪ್ರೊಸೆಸರ್‌ಗಳು ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತಿದ್ದುದರಿಂದ ಎರಡರ ಪೂರ್ಣ ಸಾಮರ್ಥ್ಯವನ್ನು ಬಳಸುವುದು ಕಠಿಣವಾಗಿತ್ತು. ‘ಸೋನಿಕ್ ಎಕ್ಸ್-ಟ್ರೀಮ್’ ಎಂಬ ಹೊಸ ಆಟವು ರದ್ದಾದ ಕಾರಣ ಸ್ಯಾಟರ್ನ್‌ಗೆ ಸೋನಿಕ್ ಸರಣಿಯ ಹೊಸ ಪ್ರಮುಖ ಆಟವೇ ದೊರೆಯಲಿಲ್ಲ. ಒಟ್ಟು 92 ಲಕ್ಷದಷ್ಟು ಸ್ಯಾಟರ್ನ್ ಯಂತ್ರಗಳು ಮಾರಾಟವಾದರೆ, ಪ್ಲೇಸ್ಟೇಷನ್ 10 ಕೋಟಿಯನ್ನು ದಾಟಿತು. 1997ರಲ್ಲಿ ಆಟಿಕೆ ಸಂಸ್ಥೆ ಬಂದಾಯ್‌ನೊಡನೆ ಪ್ರಸ್ತಾಪವಾಗಿದ್ದ ವಿಲೀನವೂ ಕೈಗೂಡಲಿಲ್ಲ.

ಡ್ರೀಮ್‌ಕಾಸ್ಟ್

ಸೆಗಾದ ಕೊನೆಯ ಕನ್ಸೋಲ್ ಡ್ರೀಮ್‌ಕಾಸ್ಟ್ 1998ರ ನವೆಂಬರ್ 27ರಂದು ಜಪಾನಿನಲ್ಲಿಯೂ, 1999ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿಯೂ ಬಿಡುಗಡೆಯಾಯಿತು. ಸ್ಯಾಟರ್ನ್‌ನ ಅನುಭವದಿಂದ ಪಾಠ ಕಲಿತ ಸಂಸ್ಥೆಯು ಸರಳ ರಚನೆಯನ್ನು ಆರಿಸಿಕೊಂಡಿತು. ಇದರಲ್ಲಿ ಹಿಟಾಚಿ ಎಸ್‌ಎಚ್-4 ಪ್ರೊಸೆಸರ್ ಮತ್ತು ಪವರ್‌ವಿಆರ್ ಚಿತ್ರಣ ಚಿಪ್ ಇದ್ದವು. ಅಂತರಜಾಲ ಸಂಪರ್ಕಕ್ಕಾಗಿ ಮೋಡೆಮ್ ಅನ್ನು ಯಂತ್ರದೊಳಗೇ ಅಳವಡಿಸಲಾಗಿತ್ತು. 2000ದಲ್ಲಿ ಬಂದ ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಮನೆಯ ಕನ್ಸೋಲ್‌ನಲ್ಲಿ ಅಂತರಜಾಲದ ಮೂಲಕ ಒಟ್ಟುಗೂಡಿ ಆಡುವ ಪಾತ್ರಾಭಿನಯ ಆಟಗಳಿಗೆ ಮಾದರಿಯಾಯಿತು. ‘ಶೆನ್‌ಮ್ಯೂ’, ‘ಕ್ರೇಜಿ ಟ್ಯಾಕ್ಸಿ’, ‘ಜೆಟ್ ಸೆಟ್ ರೇಡಿಯೊ’, ‘ಸೋನಿಕ್ ಅಡ್ವೆಂಚರ್’ ಈ ಕನ್ಸೋಲ್‌ನ ಇತರ ಹೆಸರಾಂತ ಆಟಗಳು.

ಅಮೆರಿಕದಲ್ಲಿ 199 ಡಾಲರ್ ಬೆಲೆಗೆ ಮಾರಾಟವಾದ ಡ್ರೀಮ್‌ಕಾಸ್ಟ್‌ನ ಆರಂಭ ಭರ್ಜರಿಯಾಗಿತ್ತು. ಮೊದಲ 24 ಗಂಟೆಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಆದರೂ ಇದು ಸಂಸ್ಥೆಯನ್ನು ಉಳಿಸಲಿಲ್ಲ. ಅದಕ್ಕೆ ಮುಖ್ಯವಾಗಿ ಈ ಕಾರಣಗಳನ್ನು ಗುರುತಿಸಲಾಗುತ್ತದೆ:

- 32ಎಕ್ಸ್ ಮತ್ತು ಸ್ಯಾಟರ್ನ್‌ನ ಅನುಭವದಿಂದ ಗ್ರಾಹಕರು ಹಾಗೂ ಮಾರಾಟಗಾರರಲ್ಲಿ ಸೆಗಾದ ಮೇಲಿನ ನಂಬಿಕೆ ಕುಗ್ಗಿತ್ತು.
- ಕ್ರೀಡಾ ಆಟಗಳಿಗೆ ಹೆಸರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ಡ್ರೀಮ್‌ಕಾಸ್ಟ್‌ಗೆ ಒಂದೂ ಆಟವನ್ನು ಪ್ರಕಟಿಸಲಿಲ್ಲ.
- 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂದ ಪ್ಲೇಸ್ಟೇಷನ್ 2ರಲ್ಲಿ ಡಿವಿಡಿ ಚಲನಚಿತ್ರಗಳನ್ನೂ ನೋಡಬಹುದಾಗಿತ್ತು. ಅನೇಕರು ಅದಕ್ಕಾಗಿ ಕಾದರು.
- ಆಟಗಳ ಡಿಸ್ಕ್‌ಗಳನ್ನು ನಕಲು ಮಾಡುವುದು ಸುಲಭವಾಗಿ, ಕಳ್ಳಪ್ರತಿಗಳು ಹರಡಿದವು.
- ಕನ್ಸೋಲ್‌ಗಳನ್ನು ಕಡಿಮೆ ಲಾಭಕ್ಕೆ ಅಥವಾ ನಷ್ಟಕ್ಕೆ ಮಾರಿ, ಆಟಗಳ ಮಾರಾಟದಿಂದ ಹಣ ಗಳಿಸುವುದು ಈ ಉದ್ಯಮದ ರೂಢಿ. ಆಟಗಳ ಮಾರಾಟ ಸಾಕಷ್ಟಿಲ್ಲದಿದ್ದರೆ ಬೆಲೆ ಇಳಿಸಿದಷ್ಟೂ ನಷ್ಟ ಬೆಳೆಯುತ್ತದೆ. ಸೆಗಾದ ವಿಷಯದಲ್ಲಿ ಹೀಗೆಯೇ ಆಯಿತು.

2001ರ ಜನವರಿ 31ರಂದು ಸೆಗಾ ಡ್ರೀಮ್‌ಕಾಸ್ಟ್‌ನ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಒಟ್ಟಾರೆ ಅದರ ಅಂದಾಜು 91 ಲಕ್ಷ ಯಂತ್ರಗಳು ಮಾರಾಟವಾದವು. ಸಂಸ್ಥೆಯ ಅನೇಕ ನೌಕರರು ಕೆಲಸ ಕಳೆದುಕೊಂಡರು. ಆಗ ಅನಾರೋಗ್ಯದಲ್ಲಿದ್ದ ಇಸಾವೊ ಒಕಾವಾ, ತಾವು ಸೆಗಾಕ್ಕೆ ನೀಡಿದ್ದ ಸಾಲವನ್ನು ಮನ್ನಾ ಮಾಡಿ, ತಮ್ಮ ಸ್ವಂತ ಷೇರುಗಳನ್ನೂ ಸಂಸ್ಥೆಗೆ ಕೊಟ್ಟರು. ಆ ಷೇರುಗಳ ಮೌಲ್ಯ ಸುಮಾರು 70 ಕೋಟಿ ಡಾಲರ್‌ಗಳಷ್ಟಿತ್ತು. ಸೆಗಾ ದಿವಾಳಿಯಾಗದೆ ಉಳಿಯಲು ಈ ಕೊಡುಗೆ ನೆರವಾಯಿತು. ಒಕಾವಾ 2001ರ ಮಾರ್ಚ್ 16ರಂದು ನಿಧನರಾದರು.

ಕನ್ಸೋಲ್‌ಗಳ ನಂತರ

ದಶಕದ ಕಾಲ ಪ್ರತಿಸ್ಪರ್ಧಿಗಳಾಗಿದ್ದ ಸೋನಿಕ್ ಮತ್ತು ಮಾರಿಯೊ ಒಂದೇ ಯಂತ್ರದಲ್ಲಿ ಕಾಣಿಸಿಕೊಳ್ಳುವ ಕಾಲ ಬಂದಿತು. 2001ರ ಡಿಸೆಂಬರ್‌ನಲ್ಲಿ ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್ ಮತ್ತು ಗೇಮ್‌ಕ್ಯೂಬ್ ಸಾಧನಗಳಿಗೆ ಸೋನಿಕ್ ಆಟಗಳು ಬಂದವು. 2007ರಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ಆಧರಿಸಿದ ಆಟದಲ್ಲಿ ಎರಡೂ ಪಾತ್ರಗಳು ಜೊತೆಯಾಗಿ ಕಾಣಿಸಿಕೊಂಡವು.

2004ರ ಅಕ್ಟೋಬರ್‌ನಲ್ಲಿ ಪಚಿಂಕೊ ಯಂತ್ರಗಳ ತಯಾರಕ ಸ್ಯಾಮಿ ಸಂಸ್ಥೆಯೊಡನೆ ಸೇರಿ ಸೆಗಾ ಸ್ಯಾಮಿ ಹೋಲ್ಡಿಂಗ್ಸ್ ರಚನೆಯಾಯಿತು. ಮುಂದಿನ ವರ್ಷಗಳಲ್ಲಿ ಸೆಗಾ ಹಲವು ಸಂಸ್ಥೆಗಳನ್ನು ಖರೀದಿಸಿತು. ‘ಟೋಟಲ್ ವಾರ್’ ಸರಣಿಯ ಕ್ರಿಯೇಟಿವ್ ಅಸೆಂಬ್ಲಿ (2005) ಮತ್ತು ‘ಫುಟ್‌ಬಾಲ್ ಮ್ಯಾನೇಜರ್’ ರಚಿಸುವ ಸ್ಪೋರ್ಟ್ಸ್ ಇಂಟರ್‌ಆ್ಯಕ್ಟಿವ್ (2006) ಇವುಗಳಲ್ಲಿ ಮುಖ್ಯವಾದವು. 2013ರಲ್ಲಿ ‘ಪರ್ಸೋನಾ’ ಸರಣಿಯ ಅಟ್ಲಸ್ ಸೆಗಾದ ವಶಕ್ಕೆ ಬಂದಿತು. ಟೋಕಿಯೊದ ಕಾಲ್ಪನಿಕ ಬಡಾವಣೆಯೊಂದರಲ್ಲಿ ನಡೆಯುವ ‘ಯಾಕುಜಾ’ ಸರಣಿಯು 2005ರಲ್ಲಿ ಆರಂಭವಾಗಿ ಇಂದಿಗೂ ಮುಂದುವರಿದಿದೆ.

ಇತ್ತೀಚಿನ ಬೆಳವಣಿಗೆಗಳು

- 2019ರಲ್ಲಿ ಹಳೆಯ ಆಟಗಳನ್ನು ಒಳಗೊಂಡ ಮೆಗಾ ಡ್ರೈವ್ ಮಿನಿ ಬಿಡುಗಡೆಯಾಯಿತು.
- 2020ರಲ್ಲಿ ಸೋನಿಕ್ ಪಾತ್ರದ ಚಲನಚಿತ್ರವು ತೆರೆಕಂಡಿತು. ಅದರ ಮುಂದುವರಿದ ಭಾಗಗಳು 2022 ಮತ್ತು 2024ರಲ್ಲಿ ಬಂದವು.
- ಕೊರೊನಾ ಸಾಂಕ್ರಾಮಿಕದ ಕಾಲದಲ್ಲಿ ಜಪಾನಿನ ಆಟದ ಕೇಂದ್ರಗಳ ವ್ಯವಹಾರವನ್ನು ಸೆಗಾ ಸ್ಯಾಮಿ ಸಮೂಹವು ಗೆಂಡಾ ಸಂಸ್ಥೆಗೆ ಮಾರಿತು. ಇದರಿಂದ ಆ ಕೇಂದ್ರಗಳ ಮೇಲಿದ್ದ ಸೆಗಾ ಹೆಸರು ಮರೆಯಾಯಿತು. ಆರ್ಕೇಡ್ ಯಂತ್ರಗಳ ತಯಾರಿಕೆಯು ಮುಂದುವರಿದಿದೆ.
- 2023ರಲ್ಲಿ ‘ಆ್ಯಂಗ್ರಿ ಬರ್ಡ್ಸ್’ ಆಟದ ಫಿನ್ಲೆಂಡ್ ಮೂಲದ ರೋವಿಯೊ ಸಂಸ್ಥೆಯನ್ನು ಸುಮಾರು 70 ಕೋಟಿ ಯೂರೊಗಳಿಗೆ ಖರೀದಿಸಲಾಯಿತು. ಅದೇ ವರ್ಷ ‘ಹೈಯೆನಾಸ್’ ಎಂಬ ಆಟವನ್ನು ಬಿಡುಗಡೆಗೆ ಮೊದಲೇ ರದ್ದುಗೊಳಿಸಲಾಯಿತು.
- 2024ರಲ್ಲಿ ಅಟ್ಲಸ್ ರಚಿಸಿದ ‘ಮೆಟಫರ್: ರಿಫ್ಯಾಂಟಾಜಿಯೊ’ ವಿಮರ್ಶಕರ ಮೆಚ್ಚುಗೆ ಪಡೆಯಿತು.
- 2025ರಲ್ಲಿ ‘ಶಿನೋಬಿ’ ಸರಣಿಯ ಹೊಸ ಆಟ ಬಿಡುಗಡೆಯಾಯಿತು.

ಭಾರತದಲ್ಲಿ

ಭಾರತದಲ್ಲಿ ಸೆಗಾ 1995ರಲ್ಲಿ ಶಾ ವಾಲೇಸ್ ಸಂಸ್ಥೆಯ ಮೂಲಕ ಮೆಗಾ ಡ್ರೈವ್ ವಿತರಣೆಯನ್ನು ಆರಂಭಿಸಿತು. ಅಂದಿನ ಅಧಿಕ ಆಮದು ಸುಂಕದಿಂದ ವಿದೇಶೀ ಕನ್ಸೋಲ್‌ಗಳು ಮಧ್ಯಮ ವರ್ಗದ ಕುಟುಂಬಗಳಿಗೆ ದುಬಾರಿಯಾಗಿದ್ದವು.

ಪ್ರಮುಖ ಕನ್ಸೋಲ್‌ಗಳ ಪಟ್ಟಿ

(ಮೊದಲ ಬಿಡುಗಡೆಯ ವರ್ಷದೊಡನೆ)

- ಎಸ್‌ಜಿ-1000: 1983
- ಮಾರ್ಕ್ 3 / ಮಾಸ್ಟರ್ ಸಿಸ್ಟಮ್: 1985
- ಮೆಗಾ ಡ್ರೈವ್ / ಜೆನೆಸಿಸ್: 1988
- ಗೇಮ್ ಗಿಯರ್ (ಕೈಸಾಧನ): 1990
- ಮೆಗಾ-ಸಿಡಿ (ಜೋಡಣೆ): 1991
- 32ಎಕ್ಸ್ (ಜೋಡಣೆ): 1994
- ಸ್ಯಾಟರ್ನ್: 1994
- ಡ್ರೀಮ್‌ಕಾಸ್ಟ್: 1998

ಪ್ರಭಾವ

ಕನ್ಸೋಲ್‌ನಲ್ಲಿ ಅಂತರಜಾಲ ಸಂಪರ್ಕ, ಮೂರು ಆಯಾಮದ ಹೊಡೆದಾಟದ ಆಟಗಳು, ಕೇಬಲ್ ದೂರದರ್ಶನದ ಮೂಲಕ ಆಟಗಳನ್ನು ಮನೆಗೆ ತಲುಪಿಸಿದ ಸೆಗಾ ಚಾನೆಲ್ (1994) ಮೊದಲಾದ ಪ್ರಯೋಗಗಳನ್ನು ಸೆಗಾ ಕೈಗೊಂಡಿತು. ಇವುಗಳಲ್ಲಿ ಹಲವು ನಂತರದ ವರ್ಷಗಳಲ್ಲಿ ಉದ್ಯಮದ ಸಾಮಾನ್ಯ ಲಕ್ಷಣಗಳಾದವು. ಡ್ರೀಮ್‌ಕಾಸ್ಟ್‌ಗಾಗಿ ರೂಪಿಸಿದ ಕ್ರೀಡಾ ಆಟಗಳ ಹೆಸರಿನಲ್ಲಿದ್ದ ‘2ಕೆ’ ಎಂಬ ಗುರುತು, ಆ ತಂಡವನ್ನು 2005ರಲ್ಲಿ ಟೇಕ್-ಟೂ ಸಂಸ್ಥೆಗೆ ಮಾರಿದ ಬಳಿಕ ಅಲ್ಲಿನ ಪ್ರಕಾಶನ ವಿಭಾಗದ ಹೆಸರಾಯಿತು. ಉತ್ತಮ ತಂತ್ರಜ್ಞಾನವಿದ್ದರೂ ಬಿಡುಗಡೆಯ ಸಮಯ, ಬೆಲೆ, ಮಾರಾಟಗಾರರ ವಿಶ್ವಾಸ ಮತ್ತು ಇತರ ಸಂಸ್ಥೆಗಳ ಬೆಂಬಲವಿಲ್ಲದೆ ಕನ್ಸೋಲ್ ಉಳಿಯಲಾರದು ಎಂಬುದಕ್ಕೆ ವ್ಯವಹಾರ ಅಧ್ಯಯನದಲ್ಲಿ ಸೆಗಾದ ಇತಿಹಾಸವನ್ನು ಉದಾಹರಣೆಯಾಗಿ ನೀಡಲಾಗುತ್ತದೆ.